ಇಂಗ್ಲೆಂಡಿನ ಹುಲ್ಲುಗಾವಲಿನಾಗ ಈ ಬೋದು ಯಾವ ಕಾಲದ್ದು? ಹಳೇ ಹೊಲದ ಗಡಿ ಮ್ಯಾಲಿಂದ ಗುರುತು ಹಿಡಿಯೋದು ಹೆಂಗ?

ಹಾವೇರಿ_ಹುಡುಗ

ಎಲ್ಲಾರ್ಗೂ ನಮಸ್ಕಾರ. ನಾನು ಇರೋದು ಲೆಸ್ಟರ್ ಹತ್ರ, ಕೆಲಸ ಐಟಿ, ಇತಿಹಾಸ ಓದಿದ್ದು ಹತ್ತನೇ ಕ್ಲಾಸಿಗೇ ಮುಗೀತು, ಪ್ರಶ್ನೆ ದಡ್ಡತನದ್ದು ಅನ್ಸಿದ್ರ ಬೈಬ್ಯಾಡ್ರಿ.

ಈಗ ಎರಡು ತಿಂಗಳಿಂದ ಅಪ್ಪ ಬಂದಾರ ಊರಿಂದ. ಮನ್ಯಾಗ ಕುಂತು ಕುಂತು ಬ್ಯಾಸರ ಆಗ್ತದಂತ ದಿನಾ ಸಂಜಿಮುಂದ ವಾಕಿಂಗ್ ಕರ್ಕೊಂಡು ಹೋಗ್ತೀನಿ, ಇಲ್ಲಿ ಹೊಲದ ನಡುವನ ಫುಟ್‌ಪಾತ್ ಇರ್ತಾವಲ್ಲ ಅಲ್ಲಿ. ಮೊನ್ನೆ ಮೂರೂವರಿ ಆಗಿತ್ತು, ಚಳಿಗಾಲದಾಗ ಇಲ್ಲಿ ಅಷ್ಟೊತ್ತಿಗೇ ಸೂರ್ಯ ಮುಳುಗೋಕ ತಯಾರಾಗಿರ್ತಾನ, ಒಂದು ಕುರಿ ಮೇಯೋ ಹುಲ್ಲಿನ ಹೊಲ ದಾಟೋವಾಗ ಇಡೀ ನೆಲ ಅಲಿ ಅಲಿ ಕಂಡ್ತು. ಒಂದು ಬೋದು, ಒಂದು ಹರಿ, ಮತ್ತೊಂದು ಬೋದು, ಮತ್ತೊಂದು ಹರಿ. ಎಷ್ಟು ಅಗಲ ಅಂದ್ರ ಒಂದು ಬೋದಿನ ಮ್ಯಾಲ ಕಾರು ಅಡ್ಡ ನಿಲ್ಲಿಸಬಹುದು. ದಿನಾ ಅದ ದಾರೀಲೆ ಹೋಗಿದ್ವಿ, ಮಧ್ಯಾಹ್ನದಾಗ ಹೋದ್ರ ಏನೂ ಕಾಣಂಗಿಲ್ಲ, ಬರೇ ಹುಲ್ಲು.

ಅಪ್ಪ ನಿಂತ್ಕೊಂಡು ನೋಡಿದವ್ರು "ಇದು ಬಿತ್ತಿದ ಹೊಲ ಇತ್ತಲೇ, ಯಾರೋ ಹುಲ್ಲು ಬಿಟ್ಟಾರ" ಅಂದ್ರು. ಮನಿಗೆ ಬಂದು ಗೂಗಲ್ ಅರ್ಥ್ ತಗದು ನೋಡಿದ್ರ ಹೌದು, ಮ್ಯಾಲಿಂದನೂ ಪಟ್ಟಿ ಪಟ್ಟಿ ಕಾಣ್ತಾವ, ಆದ್ರ ವಿಚಿತ್ರ ಏನಂದ್ರ ಆ ಪಟ್ಟಿಗಳು ಈಗಿನ ಬೇಲಿ ಗಡಿ ಲೆಕ್ಕಕ್ಕ ಇಲ್ಲ, ಬೇಲಿ ಒಂದು ಕಡೆ ಹೋದ್ರ ಇವು ಇನ್ನೊಂದು ಕಡೆ, ಬೇಲಿ ದಾಟಿ ಆ ಕಡೆ ಹೊಲಕ್ಕೂ ಹೋಗ್ತಾವ. ಆಫೀಸಿನಾಗ ಒಬ್ಬ ಹೇಳಿದ, ಅವು ಮಧ್ಯಯುಗದ್ದು, ಏಳುನೂರು ಎಂಟುನೂರು ವರ್ಷ ಹಳೇದು ಅಂತ. ನಂಬ್ಲಿಕ್ಕೇ ಆಗ್ಲಿಲ್ಲ. ನಮ್ಮ ಹೊಲದಾಗ ಹೋದ ವರ್ಷದ ಸಾಲು ಈ ವರ್ಷ ಇರಂಗಿಲ್ಲ.

ನನ್ನ ಪ್ರಶ್ನೆ ಎರಡು. ಒಂದು, ಇದು ಖರೇನ? ಎರಡು, ವಿಮಾನದ ಫೋಟೋ, ಸ್ಯಾಟಲೈಟು, ಇವೆಲ್ಲ ನೋಡಿ ಆಗಿನ ಹೊಲದ ಗಡಿ ಎಲ್ಲಿತ್ತು ಅಂತ ನಾವ ಹುಡುಕಬಹುದಾ, ಇಲ್ಲಾ ಅದಕ್ಕ ಪಿಎಚ್‌ಡಿನ ಬೇಕಾ?

ಮಣ್ಣುಮಸಿ

ನಿಮ್ಮ ಆಫೀಸಿನವ್ರು ಹೇಳಿದ್ದು ಬಹುಮಟ್ಟಿಗೆ ಸರಿ. ಇದನ್ನ ಇಲ್ಲಿ ರಿಡ್ಜ್ ಅಂಡ್ ಫರೋ ಅಂತಾರೆ, ನಿಮ್ಮ ಬೋದು-ಹರಿನೇ. ನಾನು ಇಲ್ಲೇ ಪುರಾತತ್ವದ ಸೈಟುಗಳಲ್ಲಿ ಕೆಲಸ ಮಾಡ್ತೀನಿ, ಮಿಡ್‌ಲ್ಯಾಂಡ್ಸಲ್ಲಿ ಎಲ್ಲಿ ಗುಂಡಿ ತೋಡಿದ್ರೂ ಮೊದಲು ಸಿಗೋದು ಈ ಫರೋನೇ, ಸಾಕು ಸಾಕಾಗಿರುತ್ತೆ. ಲೆಸ್ಟರ್‌ಶೈರ್, ನಾರ್ತಾಂಪ್ಟನ್‌ಶೈರ್, ವಾರಿಕ್‌ಶೈರ್ ಅಂದ್ರೆ ಇದರ ತವರು. ನೀವು ಸರಿಯಾದ ಜಾಗದಲ್ಲೇ ಮನೆ ಮಾಡಿದ್ದೀರ.

ಹೇಗೆ ಆಯ್ತು ಅನ್ನೋದು ನೇಗಿಲಲ್ಲಿದೆ. ನಮ್ಮ ಮರದ ನೇಗಿಲು ಮಣ್ಣನ್ನ ಸೀಳುತ್ತೆ ಅಷ್ಟೇ, ಎರಡೂ ಕಡೆ ಸಮವಾಗಿ ಬೀಳುತ್ತೆ. ಇಲ್ಲಿಯ ಭಾರದ ನೇಗಿಲಿಗೆ ಒಂದು ಹಲಗೆ ಇರ್ತಿತ್ತು, ಅದು ಮಣ್ಣನ್ನ ಯಾವಾಗಲೂ ಬಲಗಡೆಗೇ ಮಗುಚಿ ಹಾಕ್ತಿತ್ತು. ಈಗ ಒಂದು ಉದ್ದದ ಪಟ್ಟಿ ಉಳೋದು ಅಂದ್ಕೊಳ್ಳಿ. ಪಟ್ಟಿಯ ಎಡಗಡೆ ಹಿಡ್ಕೊಂಡು ಹೋಗ್ತೀರ, ಮಣ್ಣು ಬಲಕ್ಕೆ ಅಂದ್ರೆ ನಡುವಿಗೆ ಬೀಳುತ್ತೆ, ತುದಿಗೆ ಹೋಗಿ ಬಲಕ್ಕೆ ತಿರುಗಿ ಇನ್ನೊಂದು ಕಡೆಯಿಂದ ವಾಪಸ್ ಬರ್ತೀರ, ಆಗಲೂ ಮಣ್ಣು ನಡುವಿಗೇ ಬೀಳುತ್ತೆ. ವರ್ಷಾನುಗಟ್ಟಲೆ, ತಲೆಮಾರುಗಟ್ಟಲೆ ಹೀಗೇ ಸುತ್ತಿದ್ರೆ ನಡುವೆ ಎತ್ತರ ಆಗುತ್ತೆ, ಅಂಚು ತಗ್ಗಾಗುತ್ತೆ. ಜಿಗುಟು ಜೇಡಿಮಣ್ಣು, ವರ್ಷಪೂರ್ತಿ ಮಳೆ, ಆ ತಗ್ಗಲ್ಲಿ ನೀರು ಇಳಿದು ಹೋಗೋದು, ಬೆಳೆ ಮೇಲೆ ಒಣಗಿರೋದು. ಅವರಿಗೂ ಅದು ಬೇಕಾಗೇ ಇತ್ತು ಅನ್ನಿ.

ಆ ಕಾಲದಲ್ಲಿ ಬೇಲಿ ಇರ್ಲಿಲ್ಲ ಅನ್ನೋದು ಮುಖ್ಯ. ಊರಿಗೆ ಎರಡೋ ಮೂರೋ ದೊಡ್ಡ ಬಯಲು ಹೊಲ, ಒಂದಕ್ಕೆ ಗೋಧಿ, ಒಂದಕ್ಕೆ ಬಾರ್ಲಿ ಬಟಾಣಿ ಥರದ್ದು, ಒಂದು ಬೀಳು. ಆ ಬಯಲೊಳಗೆ ಪಟ್ಟಿಗಳು, ಒಂದು ಮನೆತನದ ಪಟ್ಟಿ ಇಲ್ಲೊಂದು ಅಲ್ಲೊಂದು ಚೆದುರಿಕೊಂಡಿರ್ತಿತ್ತು. ನಿಮ್ಮ ಪಟ್ಟಿಗೂ ಪಕ್ಕದವನ ಪಟ್ಟಿಗೂ ನಡುವಿನ ಗಡಿ ಅಂದ್ರೆ ಬಹಳ ಸಲ ಆ ತಗ್ಗೇ. ಒಂದೇ ದಿಕ್ಕಿಗೆ ಇರೋ ಪಟ್ಟಿಗಳ ಗುಂಪಿಗೆ ಫರ್ಲಾಂಗ್ ಅಂತಿದ್ರು. ಹೂಂ, ಅದೇ ಫರ್ಲಾಂಗು, ನಮ್ಮಜ್ಜ "ಬಸ್‌ಸ್ಟ್ಯಾಂಡಿಂದ ಎರಡು ಫರ್ಲಾಂಗು" ಅಂತಿದ್ದದ್ದು. ಫರೋ ಪ್ಲಸ್ ಲಾಂಗ್, ಒಂದು ಉಳುಮೆ ಸಾಲಿನ ಉದ್ದ, ಆಮೇಲೆ 220 ಗಜ ಅಂತ ಗಟ್ಟಿ ಆಯ್ತು.

ಇನ್ನು ಉಳ್ಕೊಂಡಿದ್ದು ಯಾಕೆ ಅಂದ್ರೆ ಉಳೋದು ನಿಲ್ಲಿಸಿದ್ದಕ್ಕೆ. 1348-49ರ ಪ್ಲೇಗ್ ಆದ್ಮೇಲೆ ಜನ ಕಮ್ಮಿ, ಉಣ್ಣೆಗೆ ಬೆಲೆ, ಎಷ್ಟೋ ಕಡೆ ಹೊಲನ ಹುಲ್ಲಿಗೆ ಬಿಟ್ಟು ಕುರಿ ತಂದ್ರು. ನಿಮ್ಮ ಲೆಸ್ಟರ್ ಪೂರ್ವಕ್ಕೇ ಇಂಗರ್ಸ್‌ಬಿ ಅಂತ ಇದೆ, 1469ರಲ್ಲಿ ಲೆಸ್ಟರ್ ಅಬ್ಬಿ ಅನ್ನೋ ಕ್ರೈಸ್ತ ಮಠದವರು ಊರ ಹೊಲನೆಲ್ಲ ಬೇಲಿ ಹಾಕಿ ಹುಲ್ಲುಗಾವಲು ಮಾಡಿದ್ರು, ಊರೇ ಇಲ್ಲ ಈಗ, ಬೀದಿ ಇದ್ದ ಜಾಗ, ಮನೆ ಇದ್ದ ಜಾಗ ಎಲ್ಲ ಹುಲ್ಲಿನ ಕೆಳಗೆ ಉಬ್ಬುತಗ್ಗಾಗಿ ಮಲಗಿದೆ. ಒಂದ್ಸಲ ಅಪ್ಪನ್ನ ಕರ್ಕೊಂಡು ಹೋಗಿ.

ಅನುಮಾನರಾಯ

ಎಲ್ಲಾ ಸರಿ, ಆದ್ರೆ ಅಡ್ಡಗಾಲು ಹಾಕೋಕೆ ಒಬ್ಬ ಬೇಕಲ್ಲ. ಮೇಲಿಂದ ನೋಡಿದ್ರೆ ಪಟ್ಟಿ ಕಾಣುತ್ತೆ ಒಪ್ತೀನಿ. ಅದರ ಮೇಲೆ 1250 ಅಂತ ಬರ್ದಿರುತ್ತಾ? ನೂರೈವತ್ತು ವರ್ಷದ ಹಿಂದೆ ಯಾರೋ ನೀರು ಬಸಿಯೋಕೆ ಮಾಡಿದ್ದೂ ಇರ್ಬಹುದು, ಯುದ್ಧದ ಕಾಲದಲ್ಲಿ ಟ್ರಾಕ್ಟರ್ ಹೊಡ್ದಿದ್ದೂ ಇರ್ಬಹುದು. ಇಂಗ್ಲಿಷರಿಗೆ ಮನೆ ಹಿಂದಿನ ಗುಂಡಿನೂ ಮಧ್ಯಯುಗದ್ದೇ.

ಮಣ್ಣುಮಸಿ

@ಅನುಮಾನರಾಯ ಈ ಜಗಳ ನೀವೇ ಮೊದಲು ತೆಗೆದಿದ್ದಲ್ಲ ಸಾರ್. ಮಾರಿಸ್ ಬೆರೆಸ್‌ಫರ್ಡ್ ಅನ್ನೋರು 1948ರಲ್ಲಿ ಈ ದಿಣ್ಣೆಗಳು ಹಳೇ ಬಯಲು ಹೊಲದ ಪಟ್ಟಿಗಳೇ ಅಂತ ಲೇಖನ ಬರೆದಾಗ ಎರಿಕ್ ಕೆರಿಡ್ಜ್ ಅಂತ ಇನ್ನೊಬ್ಬ ಇತಿಹಾಸಕಾರರು ಸುತಾರಾಂ ಒಪ್ಪಲಿಲ್ಲ. ಆಗ ಸಾಕ್ಷಿಗೆ ಬಂದಿದ್ದು ವಿಮಾನದ ಫೋಟೋ. ಬಕಿಂಗ್‌ಹ್ಯಾಮ್‌ಶೈರಿನ ಪ್ಯಾಡ್‌ಬರಿ ಅನ್ನೋ ಊರಿನ ಜಮೀನು ಆಕ್ಸ್‌ಫರ್ಡಿನ ಆಲ್ ಸೋಲ್ಸ್ ಕಾಲೇಜಿಗೆ ಸೇರಿತ್ತು, ಅವರು 1591ರಲ್ಲಿ ಒಂದೊಂದು ಪಟ್ಟಿನೂ ಬಿಡಿಸಿ ನಕ್ಷೆ ಮಾಡಿಸಿದ್ರು. ಕೇಂಬ್ರಿಜಿನ ಸೇಂಟ್ ಜೋಸೆಫ್ ಅನ್ನೋ ವಿದ್ವಾಂಸರು ವಿಮಾನದಿಂದ ತೆಗೆದ ಫೋಟೋನ ಅದರ ಪಕ್ಕ ಇಟ್ಟು ನೋಡಿದ್ರೆ ನಕ್ಷೆಯ ಪಟ್ಟಿ, ನೆಲದ ಮೇಲಿನ ದಿಣ್ಣೆ, ಒಂದಕ್ಕೊಂದು ಕೂತ್ಕೊಳ್ಳುತ್ತೆ. ಬೆರೆಸ್‌ಫರ್ಡ್, ಸೇಂಟ್ ಜೋಸೆಫ್ ಇಬ್ಬರೂ ಸೇರಿ 1958ರಲ್ಲಿ ಅಂಥ ಫೋಟೋಗಳದ್ದೇ ಪುಸ್ತಕ ತಂದ್ರು.

ಆದ್ರೆ ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಎಲ್ಲ ದಿಣ್ಣೆನೂ ಹಳೇದಲ್ಲ. ನಾನು ನೋಡೋದು ಮೂರು.

ಅಗಲ: ಹಳೇವು ಸುಮಾರು 5ರಿಂದ 10 ಮೀಟರ್. ಅದಕ್ಕಿಂತ ಕಿರಿದಾಗಿ ಸ್ಕೇಲ್ ಇಟ್ಟು ಗೀಚಿದ ಹಾಗೆ ನೆಟ್ಟಗಿದ್ರೆ ಬಹುಶಃ ನೆಪೋಲಿಯನ್ ಯುದ್ಧದ ಕಾಲದ್ದು ಅಥವಾ ಆಮೇಲಿನ ಸ್ಟೀಮ್ ನೇಗಿಲಿನದ್ದು.

ಬಾಗು: ಹಳೇವು ನೆಟ್ಟಗಿರಲ್ಲ. ಇಂಗ್ಲಿಷ್ ಎಸ್ ಅಕ್ಷರನ ಕನ್ನಡಿಯಲ್ಲಿ ನೋಡಿದ ಹಾಗೆ, ಎರಡೂ ತುದಿಗೆ ಸ್ವಲ್ಪ ಬಳುಕಿರುತ್ತೆ. ಎಂಟು ಎತ್ತಿನ ನೇಗಿಲು ಅದು, ತುದಿಗೆ ಬಂದಾಗ ಬಲಕ್ಕೆ ತಿರುಗೋಕೆ ಜಾಗ ಸಾಲಲ್ಲ ಅಂತ ಮೊದಲೇ ಎತ್ತನ್ನ ಎಡಕ್ಕೆ ಎಳೀತಿದ್ರು ಅನ್ನೋದು ಎಲ್ಲರೂ ಹೇಳೋ ವಿವರಣೆ.

ಮೂರನೇದು, ನನ್ನ ಲೆಕ್ಕಕ್ಕೆ ಇದೇ ಗಟ್ಟಿ: ಯಾವುದು ಯಾವುದನ್ನ ಕಡಿಯುತ್ತೆ. ದಿಣ್ಣೆ ಬೇಲಿಯ ಕೆಳಗೆ ತೂರ್ಕೊಂಡು ಆಚೆಗೂ ಹೋಗಿದ್ರೆ ದಿಣ್ಣೆ ಮೊದಲು, ಬೇಲಿ ಆಮೇಲೆ. ಆ ಬೇಲಿ ಎನ್‌ಕ್ಲೋಶರ್ ಕಾಯ್ದೆಯಿಂದ, ಅಂದ್ರೆ ಬಯಲು ಹೊಲನ ಹಂಚಿ ಬೇಲಿ ಹಾಕಿಸಿದ ಕಾಯ್ದೆಯಿಂದ ಬಂದಿದ್ದಾದ್ರೆ, ಹಂಚಿಕೆ ತೋರಿಸೋ ಊರ ಅವಾರ್ಡ್ ನಕ್ಷೆಯಲ್ಲಿ ಅದರ ವರ್ಷನೇ ಇರುತ್ತೆ. 1604ರಿಂದ 1914ರವರೆಗೆ ಅಂಥ ಕಾಯ್ದೆಗಳು 5200ಕ್ಕೂ ಹೆಚ್ಚು, 68 ಲಕ್ಷ ಎಕರೆಗೆ. ಬೇಲಿ 1770ರದ್ದು ಅಂತ ಕಾಗದ ಹೇಳಿದ್ರೆ, ಅದರ ಕೆಳಗೆ ತೂರಿರೋ ದಿಣ್ಣೆ ಅದಕ್ಕಿಂತ ಹಳೇದು ಅಂತಾಯ್ತಲ್ಲ. 1250 ಅಂತ ಹೇಳೋಕೆ ಆಗಲ್ಲ, ನಿಜ. ಒಂದೇ ದಿಣ್ಣೆನ ಐನೂರು ವರ್ಷ ಉತ್ತಿರ್ತಾರೆ, ಅದಕ್ಕೆ ಹುಟ್ಟಿದ ದಿನ ಅಂತ ಇರಲ್ಲ.

ಅನುಮಾನರಾಯ

ಕಡಿಯೋ ಪಾಯಿಂಟ್ ಒಪ್ಪಿದೆ. ಗುಂಡಿ ವಿಷಯ ವಾಪಸ್ ತಗೊಂಡಿಲ್ಲ.

ನಕ್ಷೆಪ್ರಿಯೆ

ಜಿಐಎಸ್‌ನಲ್ಲಿ, ಅಂದ್ರೆ ಕಂಪ್ಯೂಟರ್ ನಕ್ಷೆ ಫೀಲ್ಡಲ್ಲಿ ಕೆಲ್ಸ ಮಾಡೋಳು ನಾನು, ಮೈಸೂರು. ಪಿಎಚ್‌ಡಿ ಏನೂ ಬೇಡ, ಲ್ಯಾಪ್‌ಟಾಪು ಮತ್ತೆ ಒಂದು ರಜದ ದಿನ ಸಾಕು. ಇಂಗ್ಲೆಂಡ್ ಈ ವಿಷಯದಲ್ಲಿ ಪುಣ್ಯ ಮಾಡಿದೆ, ಹೊಟ್ಟೆಕಿಚ್ಚಾಗುತ್ತೆ.

ಮೊದಲು ಲೈಡಾರ್. ವಿಮಾನದಿಂದ ನೆಲಕ್ಕೆ ಲೇಸರ್ ಬಿಟ್ಟು ವಾಪಸ್ ಬರೋ ಟೈಮ್ ಅಳೆದು ಎತ್ತರ ತೆಗೀತಾರೆ, ಮರ ಗಿಡದ ಮೇಲೆ ಬಿದ್ದದ್ದನ್ನ ಸೋಸಿ ಬರೀ ನೆಲ ಇಟ್ಕೋತಾರೆ. ಅಲ್ಲಿನ ಎನ್ವಿರಾನ್‌ಮೆಂಟ್ ಏಜೆನ್ಸಿ ಪ್ರವಾಹ ಎಲ್ಲಿ ಬರುತ್ತೆ ಅಂತ ನೋಡೋಕೆ ಮಾಡಿಸಿದ ಡೇಟಾ, 2015ರಿಂದ ಫ್ರೀ. ಇಡೀ ಇಂಗ್ಲೆಂಡಿಗೆ 1 ಮೀಟರ್ ಗ್ರಿಡ್. ಡೌನ್‌ಲೋಡ್ ಮಾಡೋ ತಲೆನೋವು ಬೇಡ ಅಂದ್ರೆ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ಮ್ಯಾಪ್ ಸೈಟಲ್ಲಿ ಲೈಡಾರ್ ಲೇಯರ್ ಇದೆ, ಪಕ್ಕದಲ್ಲೇ ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡನೆನ್ಸ್ ಸರ್ವೇದ ನೂರು ವರ್ಷ ಹಳೇ ಮ್ಯಾಪ್ ಇಟ್ಕೊಂಡು ನೋಡ್ಬಹುದು. ಕಾಲಿಗೇ ಗೊತ್ತಾಗದಷ್ಟು ಏರಿಳಿತನೂ ಅದ್ರಲ್ಲಿ ಎದ್ದು ಕಾಣುತ್ತೆ. ಹಾಗಾಗಿ ಟ್ರಾಕ್ಟರ್ ಹೊಡೆದು ಮಟ್ಟ ಮಾಡಿದ ಹೊಲದಲ್ಲೂ ದಿಣ್ಣೆಯ ನೆರಳು ಸಿಗುತ್ತೆ.

ಇಲ್ಲೊಂದು ಮೋಸ ಇದೆ, ನಾನೇ ಬಿದ್ದಿದ್ದೀನಿ. ಹಿಲ್‌ಶೇಡ್ ಅಂದ್ರೆ ಒಂದು ದಿಕ್ಕಿಂದ ಸುಳ್ಳು ಬಿಸಿಲು ಹಾಕೋದು. ಬಿಸಿಲು ಯಾವ ದಿಕ್ಕಿಂದ ಬರ್ತಿದ್ಯೋ ದಿಣ್ಣೆನೂ ಅದೇ ದಿಕ್ಕಿಗೆ ಮಲಗಿದ್ರೆ ನೆರಳೇ ಬೀಳಲ್ಲ, ದಿಣ್ಣೆ ಮಾಯ. ನಾನು ಒಂದು ಊರಿನ ನಕ್ಷೆ ಬಿಡಿಸಿ ಎರಡು ಫರ್ಲಾಂಗ್ ನಡುವೆ ಇಷ್ಟಗಲ ಖಾಲಿ ಜಾಗ ಬಿಟ್ಟು, ಇದು ಊರ ಗೋಮಾಳ ಇರ್ಬೇಕು ಅಂತ ಕಥೆನೂ ಕಟ್ಟಿಟ್ಟಿದ್ದೆ. ಬಿಸಿಲಿನ ಕೋನ ಬದಲಾಯಿಸಿದ್ರೆ ಗೋಮಾಳದ ತುಂಬ ದಿಣ್ಣೆ! ಅದಕ್ಕೇ ನಾಲ್ಕಾರು ದಿಕ್ಕಿಂದ ಬೆಳಕು ಹಾಕಿ ನೋಡಿ, ಕ್ಯೂಜಿಐಎಸ್ ಅನ್ನೋ ಫ್ರೀ ನಕ್ಷೆ ಸಾಫ್ಟ್‌ವೇರ್ ಸಾಕು, ಇಲ್ಲಾಂದ್ರೆ ಸ್ಲೊವೇನಿಯಾದವರು ಮಾಡಿದ ರಿಲೀಫ್ ವಿಷುವಲೈಸೇಶನ್ ಟೂಲ್‌ಬಾಕ್ಸ್ ಫ್ರೀ ಸಿಗುತ್ತೆ, ಅದರಲ್ಲಿ ಸ್ಕೈ ವ್ಯೂ ಫ್ಯಾಕ್ಟರ್ ಅಂತ ಇದೆ, ಒಂದೊಂದು ಜಾಗದಿಂದ ಆಕಾಶ ಎಷ್ಟು ಕಾಣುತ್ತೆ ಅಂತ ಅಳೆಯೋದು, ಅದಕ್ಕೆ ದಿಕ್ಕಿನ ಹಂಗಿಲ್ಲ. ಇನ್ನೊಂದು, ಬಿಸಿಲು ಉತ್ತರದ ಕಡೆಯಿಂದ್ಲೇ ಹಾಕಿ, ಶುರುಗೆ ವಾಯವ್ಯ, 315 ಡಿಗ್ರಿ. ದಕ್ಷಿಣದಿಂದ ಹಾಕಿದ್ರೆ ನಮ್ಮ ಕಣ್ಣಿಗೆ ದಿಣ್ಣೆ ತಗ್ಗಾಗಿ ತಗ್ಗು ದಿಣ್ಣೆಯಾಗಿ ಕಾಣೋಕೆ ಶುರು ಆಗುತ್ತೆ. ನಂಬಲ್ಲ ಅಂದ್ರೆ ಮಾಡಿ ನೋಡಿ.

ಎರಡನೇದು ಹಳೇ ಫೋಟೋ. ಯುದ್ಧ ಮುಗಿದ ತಕ್ಷಣ 1946-48ರ ಹೊತ್ತಿಗೆ ಆರ್‌ಎಎಫ್, ಅಂದ್ರೆ ಬ್ರಿಟಿಷ್ ವಾಯುಸೇನೆಯ ವಿಮಾನಗಳು ದೇಶದ ಬಹುಭಾಗನ ನೇರ ಮೇಲಿಂದ ಫೋಟೋ ತೆಗೆದ್ವು. ಆಮೇಲಿನ ದಶಕಗಳಲ್ಲಿ ಟ್ರಾಕ್ಟರು, ರಸ್ತೆ, ಮನೆ ಅಂತ ಎಷ್ಟೋ ದಿಣ್ಣೆ ಹೋದ್ವು, ಆದ್ರೆ ಆ ಫೋಟೋದಲ್ಲಿ ಇವೆ. ಹಳೇ ಸ್ಮಾರಕ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್‌ನವರ ಏರಿಯಲ್ ಫೋಟೋ ಎಕ್ಸ್‌ಪ್ಲೋರರ್ ಅಂತ 2021ರಲ್ಲಿ ಬಂತು, ಅದರಲ್ಲಿ ನಿಮ್ಮೂರು ಹುಡುಕಿ. ಲೈಡಾರ್ ಒಂದರಲ್ಲೇ ನೋಡಬೇಡಿ, ಫೋಟೋ ಒಂದರಲ್ಲೇ ನೋಡಬೇಡಿ, ಲೈಡಾರ್, ಫೋಟೋ, ಹಳೇ ಮ್ಯಾಪ್ ಮೂರೂ ಒಂದರ ಮೇಲೊಂದು ಹಾಕಿ.

ಸುಮ್ನೆ_ಓದ್ತೀನಿ

ನಡುವೆ ಬಾಯಿ ಹಾಕ್ತೀನಿ. ಬೇಸಿಗೆಯಲ್ಲಿ ಪೈರಿನ ಮೇಲೆ ಚಿತ್ರ ಮೂಡುತ್ತೆ ಅಂತಾರಲ್ಲ ಅದೂ ಇದೇನಾ?

ಮಣ್ಣುಮಸಿ

ಅದು ಅಣ್ಣತಮ್ಮ. ಕ್ರಾಪ್‌ಮಾರ್ಕ್. ಕೆಳಗೆ ಮುಚ್ಚಿಹೋದ ಕಾಲುವೆನೋ ಗುಂಡಿನೋ ಇದ್ರೆ ಅಲ್ಲಿ ಮಣ್ಣು ಆಳ, ತೇವ ಜಾಸ್ತಿ, ಪೈರು ಎತ್ತರ ಬೆಳೆದು ಹಸಿರಾಗಿರುತ್ತೆ. ಕೆಳಗೆ ಗೋಡೆ ಇದ್ರೆ ಪೈರು ಬಡಕಲು, ಬೇಗ ಹಳದಿ. ಬರ ಬಿದ್ದ ವರ್ಷ ಚೆನ್ನಾಗಿ ಕಾಣುತ್ತೆ, 1976 ಮತ್ತೆ 2018 ಈ ಫೀಲ್ಡಲ್ಲಿ ಹಬ್ಬದ ಹಾಗೆ ನೆನೆಸ್ಕೋತಾರೆ, ರೈತ ಅಳ್ತಿದ್ರೆ ಪುರಾತತ್ವದವನು ಕುಣೀತಾನೆ. ಸಮ ಮಾಡಿದ ಹೊಲದಲ್ಲಿ ಹಳೇ ಫರೋಗಳೂ ಹಸಿರು ಗೆರೆಗಳಾಗಿ ಹೀಗೇ ಬರ್ತವೆ.

ಇದನ್ನೆಲ್ಲ ಶಾಸ್ತ್ರ ಮಾಡಿದ್ದು ಓ.ಜಿ.ಎಸ್. ಕ್ರಾಫರ್ಡ್, ಮೊದಲ ಮಹಾಯುದ್ಧದಲ್ಲಿ ವಿಮಾನದಲ್ಲಿ ಕೂತು ಶತ್ರುವಿನ ಕಂದಕ ನೋಡೋ ಕೆಲಸ ಮಾಡಿದ್ದ, 1920ರಲ್ಲಿ ಆರ್ಡನೆನ್ಸ್ ಸರ್ವೇಗೆ ಮೊದಲ ಪುರಾತತ್ವ ಅಧಿಕಾರಿ ಆದ. ಅವನದ್ದೊಂದು ಹೋಲಿಕೆ ಇದೆ, ಜಮಖಾನೆ ಮೇಲೆ ಕೂತ ಬೆಕ್ಕಿಗೆ ಬರೀ ಬಣ್ಣ ಕಾಣುತ್ತೆ, ನಿಂತ ಮನುಷ್ಯನಿಗೆ ಚಿತ್ತಾರ ಕಾಣುತ್ತೆ ಅಂತ.

ವಿಮಾನ ಇಲ್ದಿದ್ರೂ ಒಂದು ಉಪಾಯ ಹೇಳ್ತೀನಿ, ಮೇ ತಿಂಗಳಲ್ಲಿ ಹಳೇ ಹುಲ್ಲುಗಾವಲಿಗೆ ಹೋಗಿ. ಹಳದಿ ಬಟರ್‌ಕಪ್ ಹೂ ಇರುತ್ತಲ್ಲ, ಅದರಲ್ಲಿ ಮೂರು ಜಾತಿ. ದಿಣ್ಣೆಯ ನೆತ್ತಿ ಮೇಲೆ ಒಣಗಿರುತ್ತೆ, ಅಲ್ಲಿ ಬುಡದಲ್ಲಿ ಗಡ್ಡೆ ಇರೋ ಜಾತಿ. ತಗ್ಗಲ್ಲಿ ನೀರು, ಅಲ್ಲಿ ನೆಲಕ್ಕೆ ಹಬ್ಬೋ ಜಾತಿ. ಇಳಿಜಾರಲ್ಲಿ ಮೂರನೇದು. ಮೊದಲ ಜಾತಿಯ ಹೂವನ್ನ ಹಿಂದಿನಿಂದ ನೋಡಿದ್ರೆ ಹಸಿರು ಪುಷ್ಪಪಾತ್ರೆಯ ಎಸಳು ಕೆಳಕ್ಕೆ ಮಡಚಿರುತ್ತೆ, ಅದೇ ಗುರುತು. ನೆಲದ ಏರಿಳಿತ ಕಾಣದ ಮಧ್ಯಾಹ್ನದಲ್ಲೂ ನಾನು ಹೂ ನೋಡಿ ಪಟ್ಟಿ ಎಣಿಸಿದ್ದೀನಿ.

ಹಾವೇರಿ_ಹುಡುಗ

ಅಯ್ಯೋ ಇಷ್ಟೆಲ್ಲ ಐತಿ ಅಂತ ಗೊತ್ತ ಇರ್ಲಿಲ್ಲ, ಎಲ್ಲಾರ್ಗೂ ಥ್ಯಾಂಕ್ಸ್. ಎರಡು ದಿನ ರಾತ್ರಿ ಲೈಡಾರ್ ನೋಡಿಕೋತ ಕುಂತೀನಿ, ಹೆಂಡತಿ ಬೈಲಿಕತ್ತಾಳ.

ಒಂದು ಡೌಟು. ಪಟ್ಟಿ ಸಿಕ್ತಾವ ಖರೆ. ಆದ್ರ ನನಗ ಬೇಕಿರೋದು ಗಡಿ. ಒಂದು ಫರ್ಲಾಂಗ್ ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರು ಆತು ಅಂತ ಹೆಂಗ ಹೇಳ್ತೀರಿ? ಮತ್ತ ಈಗಿನ ಬೇಲಿ ಎಲ್ಲಾನೂ ಹೊಸಾವ ಅಂತ ಅನ್ಕೋಬೇಕಾ?

ಮಣ್ಣುಮಸಿ

ಒಳ್ಳೇ ಪ್ರಶ್ನೆ, ಇಲ್ಲೇ ಎಲ್ಲರೂ ಎಡವೋದು.

ಪಟ್ಟಿಯ ತುದಿ ನೋಡಿ. ನೇಗಿಲು ತಿರುಗಿಸೋವಾಗ ಅದಕ್ಕೆ ಅಂಟಿಕೊಂಡ ಮಣ್ಣನ್ನ ಅಲ್ಲೇ ಕೊಡವ್ತಾರೆ, ಎಳ್ಕೊಂಡು ಬಂದ ಮಣ್ಣೂ ಅಲ್ಲೇ ಬೀಳುತ್ತೆ. ನೂರಾರು ವರ್ಷಕ್ಕೆ ಅಲ್ಲಿ ಪಟ್ಟಿಗಳಿಗೆ ಅಡ್ಡಲಾಗಿ ಉದ್ದಕ್ಕೆ ಒಂದು ದಿಬ್ಬ ಆಗುತ್ತೆ, ಅದಕ್ಕೆ ಹೆಡ್‌ಲ್ಯಾಂಡ್ ಅಂತಾರೆ. ದಿಣ್ಣೆಗಳಿಗಿಂತ ಅಗಲ, ದಪ್ಪ. ಟ್ರಾಕ್ಟರ್ ಐವತ್ತು ವರ್ಷ ಓಡಾಡಿ ದಿಣ್ಣೆಯೆಲ್ಲ ಸವೆಸಿದ್ರೂ ಹೆಡ್‌ಲ್ಯಾಂಡ್ ಹಂದಿ ಬೆನ್ನಿನ ಹಾಗೆ ಉಳ್ಕೊಂಡಿರುತ್ತೆ. ಲೈಡಾರಲ್ಲಿ ಮೊದಲು ಹೆಡ್‌ಲ್ಯಾಂಡ್ ಎಲ್ಲ ಗೆರೆ ಎಳ್ಕೊಳ್ಳಿ, ಪಟ್ಟಿ ಆಮೇಲೆ. ಅದೇ ನಿಮ್ಮ ಫರ್ಲಾಂಗ್ ಗಡಿ. ಡೇವಿಡ್ ಹಾಲ್ ಅಂತ ಒಬ್ರು ನಾರ್ತಾಂಪ್ಟನ್‌ಶೈರಲ್ಲಿ ಊರೂರಿನ ಹೊಲನ ನಡೆದು ಹೀಗೇ ಮಾಡಿದ್ದು, ಉತ್ತು ದಿಣ್ಣೆ ಅಳಿಸಿಹೋದ ಹೊಲದಲ್ಲೂ.

ಬೇಲಿ ಎಲ್ಲ ಹೊಸದಲ್ಲ, ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ. ಕಾಯ್ದೆಯಿಂದ ಬಂದ ಬೇಲಿ ಸರ್ವೇಯರ್ ಮೇಜಿನ ಮೇಲೆ ಎಳೆದ ಗೆರೆ, ನೆಟ್ಟಗಿರುತ್ತೆ, ದಿಣ್ಣೆಗಳನ್ನ ಮುಲಾಜಿಲ್ದೆ ಕಡೀತಾ ಹೋಗುತ್ತೆ. ನೀವು ನೋಡಿದ್ದು ಅದು. ಆದ್ರೆ ಕೆಲವು ಬೇಲಿ ತಾನೇ ಆ ಕನ್ನಡಿ-ಎಸ್ ಥರ ಬಳುಕಿರುತ್ತೆ, ದಿಣ್ಣೆಗೆ ಪಕ್ಕಾ ಸಮಾನಾಂತರ. ಅಲ್ಲಿ ಏನಾಗಿದೆ ಅಂದ್ರೆ ಕಾಯ್ದೆಗೂ ಮುಂಚೆ ಯಾರೋ ಇಬ್ಬರು ರೈತರು ಮಾತಾಡ್ಕೊಂಡು ಪಟ್ಟಿ ಅದಲುಬದಲು ಮಾಡಿ ನಾಲ್ಕೈದು ಪಟ್ಟಿ ಒಟ್ಟು ಮಾಡಿ ಅದಕ್ಕೆ ಬೇಲಿ ಹಾಕಿದ್ದಾರೆ, ಬೇಲಿ ಪಟ್ಟಿಯ ಅಂಚಲ್ಲೇ ಕೂತಿದೆ. ಅಂಥ ಕಡೆ ದಿಣ್ಣೆ ಪೂರಾ ಅಳಿಸಿಹೋಗಿದ್ರೂ ಬೇಲಿಯ ಬಳುಕಲ್ಲೇ ಮಧ್ಯಯುಗದ ಗಡಿ ನಿಂತಿರುತ್ತೆ.

ಜೀವಂತವಾಗಿ ನೋಡ್ಬೇಕು ಅಂದ್ರೆ ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್‌ಟನ್‌ಗೆ ಹೋಗಿ. ಅಲ್ಲಿ ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಅಂತ ಮೂರು ಬಯಲು ಹೊಲ ಇವತ್ತಿಗೂ ಬೇಲಿ ಇಲ್ಲದೆ ನಡೀತಿದೆ. 1635ರ ನಕ್ಷೆನೂ ಇದೆ. ವರ್ಷಕ್ಕೊಮ್ಮೆ ಊರಿನ ಜ್ಯೂರಿ ಗೋಧಿ ಬಿತ್ತಿದ ಹೊಲ ಸುತ್ತಿ ಗೂಟ ಹೊಡೆದು ಗಡಿ ನೋಡುತ್ತೆ, ಹುಲ್ಲಿನ ಜಾಗಕ್ಕೆ ನೇಗಿಲು ಒತ್ತಿದವನಿಗೆ ದಂಡ ಬೀಳುತ್ತೆ. ನಮ್ಮೂರಲ್ಲಿ ಇದ್ದಿದ್ರೆ ಬರೀ ದಂಡದ ದುಡ್ಡಲ್ಲೇ ಜಾತ್ರೆ ಮಾಡ್ಬಹುದಿತ್ತು.

ಬಾಂದುಕಲ್ಲು

ಭೂಮಾಪನದಲ್ಲಿದ್ದು ರಿಟೈರ್ ಆದವನು, ಒಂದು ಮಾತು ಸೇರಿಸ್ತೀನಿ. ಆ ಪಟ್ಟಿಯ ಲೆಕ್ಕ ನಮ್ಮ ಪಹಣಿಯೊಳಗೂ ಕೂತಿದೆ. ಎಕರೆ ಅಂದ್ರೆ ಒಂದು ಫರ್ಲಾಂಗು ಉದ್ದ, 22 ಗಜ ಅಗಲ, 660 ಅಡಿ ಇಂಟು 66. ಆ 22 ಗಜವೇ 1620ರ ಹೊತ್ತಿಗೆ ಗಂಟರ್ ಅನ್ನೋರು ಮಾಡಿದ ಸರಪಳಿ, ಕ್ರಿಕೆಟ್ ಪಿಚ್ಚೂ ಅಷ್ಟೇ. ಆ ಸರಪಳಿಯ ಅರ್ಧ 33 ಅಡಿ, 33 ಇಂಟು 33 ನಮ್ಮ ಗುಂಟೆ. 40 ಗುಂಟೆಗೆ ಒಂದು ಎಕರೆ ಬರೋದು ಇದಕ್ಕೇ. ನಾನು ಮೂವತ್ತು ವರ್ಷ ಸರಪಳಿ ಎಳೆದೆ, ಇದು ಎಲ್ಲಿಂದ ಬಂತು ಅಂತ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.

ಇದೇ ರೀತಿ ನಮ್ಮ ಕಡೆ ಹಳೇ ಗಡಿ ಮೇಲಿಂದ ಹುಡುಕೋಕೆ ಆಗುತ್ತಾ? ಶಾಸನದಲ್ಲಿ ಮೂಡಲು ತೆಂಕಲು ಪಡುವಲು ಬಡಗಲು ಅಂತ ಗಡಿ ಪೂರಾ ಬರ್ದಿರ್ತಾರಲ್ಲ.

ನಕ್ಷೆಪ್ರಿಯೆ

ಸಾರ್ ಗುಂಟೆ ವಿಷಯ ಸೂಪರ್!! ನಂಗೂ ಗೊತ್ತಿರ್ಲಿಲ್ಲ.

ನಮ್ಮಲ್ಲಿ ಕಷ್ಟ. ಮಣ್ಣುಮಸಿಯವರು ಹೇಳಿದ ಹಾಗೆ ನಮ್ಮ ನೇಗಿಲು ಮಣ್ಣು ಮಗುಚಲ್ಲ, ಅಲ್ದೆ ಉದ್ದಕ್ಕೊಂದ್ಸಲ ಅಡ್ಡಕ್ಕೊಂದ್ಸಲ ಹೊಡೀತಾರೆ, ದಿಣ್ಣೆ ಕಟ್ಟೋದೇ ಇಲ್ಲ. ಆ ಥರ ಫ್ರೀ ಲೈಡಾರೂ ಇಲ್ಲ. ಇರೋದ್ರಲ್ಲಿ ಕೊರೋನಾ (ವೈರಸ್ ಅಲ್ಲ ಮಾರಾಯ್ರೇ) ಅನ್ನೋ ಅಮೆರಿಕದ ಬೇಹು ಉಪಗ್ರಹದ ಚಿತ್ರಗಳು, 1960ರಿಂದ 72ರವರೆಗಿನವು, 1995ರಲ್ಲಿ ಬಹಿರಂಗ ಮಾಡಿದ್ರು. ಒತ್ತುವರಿಗೆ ಮುಂಚಿನ ಕೆರೆ ಅಂಗಳ, ಹಳೇ ಕಾಲುವೆ ನೋಡೋಕೆ ನಾನು ಬಳಸ್ತೀನಿ, ಹೊಲದ ಬದು ಅಷ್ಟು ಸ್ಪಷ್ಟ ಬರಲ್ಲ. ಹಂಪಿ ಸುತ್ತ ಕ್ಯಾಥ್ಲೀನ್ ಮಾರಿಸನ್, ಕಾರ್ಲಾ ಸಿನೊಪೊಲಿ ಅವರ ತಂಡ ವಿಜಯನಗರ ಕಾಲದ ಕೆರೆ, ಮೆಟ್ಟಿಲು ಹೊಲ, ಒಡ್ಡು ಎಲ್ಲ ಗುರುತು ಮಾಡಿದ್ದು ಮುಖ್ಯವಾಗಿ ನಡೆದು. ನಮ್ಮಲ್ಲಿ ಗಡಿ ನೆಲದ ಆಕಾರದಲ್ಲಿ ಇಲ್ಲ ಸಾರ್, ಕಲ್ಲಿನಲ್ಲಿದೆ. ಲಿಂಗಮುದ್ರೆ ಕಲ್ಲು, ವಾಮನಮುದ್ರೆ ಕಲ್ಲು, ಮುಕ್ಕೊಡೆ ಕಲ್ಲು, ಇನ್ನೂ ಎಷ್ಟೋ ಹೊಲದ ಬದುವಿನಲ್ಲೇ ನಿಂತಿವೆ. ಅವುಗಳ ಜಿಪಿಎಸ್ ತಗೊಂಡು ಶಾಸನದ ಜೊತೆ ಕೂರಿಸಿದ್ರೆ ಆಕಾಶಕ್ಕೆ ಹೋಗೋದೇ ಬೇಡ.

ಬಾಂದುಕಲ್ಲು

ವಾಮನಮುದ್ರೆ ಕಲ್ಲಿನ ಮೇಲೆ ಬಟ್ಟೆ ಒಗೀತಿದ್ದದ್ದು ನೋಡಿದ್ದೀನಿ. ಬೇರೆ ದಾರ ಶುರು ಮಾಡ್ತೀನಿ ಇದಕ್ಕೆ, ಇವರ ಪ್ರಶ್ನೆ ಹಾಳು ಮಾಡೋದು ಬೇಡ.

ಹಾವೇರಿ_ಹುಡುಗ

ಒಂದು ಅಪ್‌ಡೇಟ್ ಹಾಕಾಕ ಬಂದೀನಿ. ಶನಿವಾರ ಮುಂಜಾನೆ ಹಿಮ ಬಿದ್ದು ಮಧ್ಯಾಹ್ನ ಕರಗಿತ್ತು, ಅದ ಹೊಲಕ್ಕ ಹೋದ್ವಿ. ಬೋದಿನ ಮ್ಯಾಲಿಂದು ಕರಗಿ ಹಸಿರು, ಹರಿಯೊಳಗಿಂದು ಹಂಗ ಬೆಳ್ಳಗ ಉಳದಿತ್ತು, ಇಡೀ ಹೊಲ ಇಳಕಲ್ ಸೀರಿ ಹಾಸಿದಂಗ. ಫೋಟೋ ಹಾಕೀನಿ ನೋಡ್ರಿ, ಬಟ್ಟು ಅಡ್ಡ ಬಂದದ, ಚಳಿಗೆ ಕೈ ನಡುಗಿ.

ಅಪ್ಪ ಹೆಜ್ಜಿ ಹಾಕಿ ಅಳದ್ರು, ಹರಿಯಿಂದ ಹರಿಗೆ ಹತ್ತು ಹೆಜ್ಜಿ, ಅಂದಾಜು ಏಳು ಮೀಟರ್. ಅಂದ್ರ ಹಳೇದ.

ನಾನು ಹೆಡ್‌ಲ್ಯಾಂಡ್ ಹುಡುಕಾಕ ಮೊಬೈಲಿನಾಗ ಲೈಡಾರ್ ಹಿಡ್ಕೊಂಡು ಎಡಕ ಬಲಕ ತಿರುಗಾಡಕತ್ತಿದ್ದೆ. ಅಪ್ಪ ಆ ಕಡೆ ಈ ಕಡೆ ನೋಡ್ಲೇ ಇಲ್ಲ, ಒಂದು ಬೋದು ಹಿಡದು ಸೀದಾ ನಡಕೋತ ಹೋದ್ರು, ತುದಿಗೆ ಬಂದು ಒಂದು ದಿಬ್ಬದ ಮ್ಯಾಲ ನಿಂತು "ಇಲ್ಲಿ ಹೊಳ್ಳಿಸ್ಯಾರ ನೋಡು" ಅಂದ್ರು. ನಾನು ಮೊಬೈಲ್ ನೋಡಿದ್ರ ನೀಲಿ ಚುಕ್ಕಿ ಹೆಡ್‌ಲ್ಯಾಂಡ್ ಮ್ಯಾಲ ಕರೆಕ್ಟ್ ಕುಂತದ. ಹೆಂಗ ಗೊತ್ತಾತು ಅಂದ್ರ, ಸಣ್ಣಾಂವ ಇದ್ದಾಗ ನಮ್ಮ ಎರಿ ಹೊಲದಾಗ ಕರಕಿ ಕೀಳಾಕ ದೊಡ್ಡ ರಂಟಿಗೆ ನಾಕು ಜೋಡಿ ಎತ್ತು ಹೂಡತಿದ್ರಂತ, ಮುಂದಿನ ಜೋಡಿ ಬದುಕ ಮುಟ್ಟಿದಾಗ ಹಿಂದಿನ ಜೋಡಿ ಇನ್ನೂ ಎಷ್ಟೋ ದೂರ ಇರ್ತಿತ್ತಂತ, ಅದಕ್ಕ ಮೊದಲ ಒಂದ್ ಕಡೆ ಎಳಕೊಂಡು ಆಮ್ಯಾಲ ಹೊಳ್ಳಿಸೋದು, ಇಲ್ಲಾಂದ್ರ ನೊಗ ಮುರೀತಿತ್ತು. ಎಸ್ ಗಿಸ್ ನಾನು ಇನ್ನೂ ಹೇಳೇ ಇರ್ಲಿಲ್ಲ ಅವರಿಗೆ. ಎಂಟು ಎತ್ತು ಅಂತ ಹೇಳಿದಾಗ "ಮತ್ತ, ನಾಕು ಜೋಡಿ" ಅಂದು ಸುಮ್ಮನಾದ್ರು.

ಅಷ್ಟೊತ್ತಿಗೆ ಕುರಿ ಮಾಲೀಕ ಬಂದ ಗಾಡಿ ತಗೊಂಡು, ಏನ್ ಹುಡುಕಾಕತ್ತೀರಿ ಅಂತ. ಹೇಳಿದೆ. ಅವಾ ನಕ್ಕು, ನನಗಂತೂ ಇವು ಗಾಡಿ ಸ್ಪ್ರಿಂಗ್ ಮುರ್ಯೋವು ಅಷ್ಟ, ಬೇಕಾದ್ರ ಆ ಕೆಳಗಿನ ಹೊಲನೂ ನೋಡ್ರಿ, ನಮ್ಮಜ್ಜ ಯುದ್ಧದ ಟೈಮಿನಾಗ ಸಮ ಮಾಡಿದ್ದು, ಏನೂ ಇಲ್ಲ ಅಂದ. ಆ ಹೊಲದ ಲೈಡಾರ್ ಈಗ ತಗದೀನಿ. ಸಣ್ಣಗ ಏಳು ಗೆರಿ ಕಾಣ್ತಾವ, ಎಂಟನೇದು ಖರೇನೋ ನನ್ನ ಕಣ್ಣೋ ಗೊತ್ತಾಗ್ವಲ್ದು. ನಕ್ಷೆಪ್ರಿಯೆ ಅವರ, ಬಿಸಿಲು 315ಕ್ಕ ಇಟ್ಟೀನಿ, ಇನ್ನ ಯಾವ ಡಿಗ್ರಿ ನೋಡ್ಲಿ?

ನಕ್ಷೆಪ್ರಿಯೆ

45 ಹಾಕಿ ನೋಡಿ. ಸೂರ್ಯನ ಎತ್ತರನ 15ಕ್ಕೆ ಇಳ್ಸಿ, ಡೀಫಾಲ್ಟ್ 45 ಇರುತ್ತೆ, ಅದು ಮಧ್ಯಾಹ್ನದ ಬಿಸಿಲಿದ್ದ ಹಾಗೆ.